ಇಳಕಲ್ಲಿನ ಜೋಳಿಗೆ, ಜೈಲಿನ ಬಾಗಿಲು

ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1970ರ ದಶಕದಲ್ಲಿ ಜೋಳಿಗೆ ಹಿಡಿದು ಓಣಿ ಓಣಿ ತಿರುಗಿದರು. ಅವರು ಬೇಡಿದ್ದು ಜೋಳವನ್ನಲ್ಲ, ರೊಕ್ಕವನ್ನೂ ಅಲ್ಲ. ಕುಡಿತ, ಬೀಡಿ, ತಂಬಾಕಿನ ಚಟಗಳನ್ನು ಜೋಳಿಗೆಗೆ ಹಾಕಿಬಿಡಿ ಎಂದು ಕೇಳಿದರು. ಊರೆಲ್ಲ ಛೀಮಾರಿ ಹಾಕಿದವನ ಬಾಗಿಲಿಗೇ ಹೋಗಿ ಕೈಯೊಡ್ಡಿದ್ದು ಸಣ್ಣ ಮಾತಲ್ಲ. ಅವರ ಹುಟ್ಟುದಿನವಾದ ಆಗಸ್ಟ್ 1 ಈಗ ರಾಜ್ಯದ ವ್ಯಸನಮುಕ್ತ ದಿನ.

ಅದೇ ಚಟವೋ ಮನಸ್ಸಿನ ಕಾಯಿಲೆಯೋ ಅಪರಾಧಕ್ಕೆ ತಿರುಗಿದರೆ ಮಾತ್ರ ನಮಗೆ ಜೈಲು ಬಿಟ್ಟು ಬೇರೇನೂ ತೋಚುವುದಿಲ್ಲ. ಬೆಂಗಳೂರು ಕೇಂದ್ರ ಕಾರಾಗೃಹದ 5,024 ಬಂದಿಗಳ ಬಗ್ಗೆ ನಿಮ್ಹಾನ್ಸ್ ತಜ್ಞರ ಅಧ್ಯಯನ 2011ರಲ್ಲಿ ಹೊರಬಂತು. ಶೇ 79.6ರಷ್ಟು ಮಂದಿಗೆ ಮನೋರೋಗವೋ ವ್ಯಸನವೋ ಇತ್ತು. ವ್ಯಸನವನ್ನು ಬದಿಗಿಟ್ಟು ಲೆಕ್ಕ ಹಾಕಿದರೂ ಶೇ 27.6.

ಕಾನೂನು ಇದನ್ನು ಕಾಣದೆ ಕೂತಿಲ್ಲ. ವಿಚಾರಣೆ ಎದುರಿಸುವ ಸ್ಥಿತಿಯಲ್ಲಿಲ್ಲದ ಮನೋರೋಗಿ ಆರೋಪಿಯನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್ಎಸ್ಎಸ್‌ನ 369ನೇ ಕಲಂ ಪ್ರಕಾರ ಜಾಮೀನಿನ ಮೇಲೆ ಬಿಡಬಹುದು. ಆಸ್ಪತ್ರೆಯಲ್ಲಿ ಉಳಿಯಬೇಕಾದ ಸ್ಥಿತಿ ಇರಬಾರದು. ನಿಯಮಿತವಾಗಿ ಚಿಕಿತ್ಸೆ ಕೊಡಿಸುತ್ತೇನೆ, ಯಾರಿಗೂ ಹಾನಿಯಾಗದಂತೆ ನೋಡಿಕೊಳ್ಳುತ್ತೇನೆ ಎಂದು ಬಂಧುವೋ ಗೆಳೆಯನೋ ಹೊಣೆ ಹೊರಬೇಕು. ಅಲ್ಪ ಪ್ರಮಾಣದ ಮಾದಕವಸ್ತುವಿನೊಂದಿಗೆ ಸಿಕ್ಕಿ ತಪ್ಪಿತಸ್ಥನಾದ ವ್ಯಸನಿಯನ್ನು, ಅವನು ಒಪ್ಪಿದರೆ, ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 39ನೇ ಕಲಂ ಕೂಡಲೇ ಜೈಲಿಗಟ್ಟದೆ ಚಿಕಿತ್ಸೆಗೆ ಕಳಿಸಲು ಅವಕಾಶ ಕೊಡುತ್ತದೆ. ಒಂದು ವರ್ಷದೊಳಗೆ ಚಿಕಿತ್ಸೆಯ ವರದಿಯೊಡನೆ ಅವನು ಕೋರ್ಟಿಗೆ ಬರಬೇಕು. ಇದನ್ನು ರಿಯಾಯಿತಿ ಎನ್ನುವವರು ಈ ಷರತ್ತುಗಳನ್ನು ಓದಲಿ. ಹುಚ್ಚಿನ ನಾಟಕವಾಡಿ ಪಾರಾಗುತ್ತಾರೆ ಎಂಬ ಭಯಕ್ಕೂ ಆಧಾರ ಕಡಿಮೆ. ಪರೀಕ್ಷಿಸುವವರು ವೈದ್ಯರು, ತೀರ್ಮಾನ ನ್ಯಾಯಾಧೀಶರದು.

ತೊಡಕಿರುವುದು ಆ ಹೊಣೆ ಹೊರುವ ಬಂಧುವಿನ ಬದುಕಿನಲ್ಲಿ. ಇಳಕಲ್ಲಿನ ನೇಕಾರ ತಮ್ಮನನ್ನು ಕರೆದುಕೊಂಡು ಗದಗ, ಹುಬ್ಬಳ್ಳಿ ದಾಟಿ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದರೆ ಅಂದು ಮಗ್ಗ ನಿಂತಿತು, ಕೂಲಿ ಹೋಯಿತು. ಎರಡು ತಿಂಗಳು ಹೀಗೆ ನಡೆದರೆ ಮೂರನೆಯದಕ್ಕೆ ಮಾತ್ರೆ ತಪ್ಪುತ್ತದೆ. ಮಾತ್ರೆ ತಪ್ಪಿದರೆ ಮತ್ತೆ ಜಗಳ, ಮತ್ತೆ ಠಾಣೆ.

ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಯೋಜನೆಯನ್ನು ರಾಜ್ಯ ಸರ್ಕಾರವೇ ರೂಪಿಸಿದೆ. ಇಂಥ ಆರೋಪಿಗಳ ಕೋರ್ಟ್ ತಾರೀಖನ್ನೂ ಮಂಗಳವಾರಕ್ಕೇ ಹೊಂದಿಸಬೇಕು, ಮಾತ್ರೆ ತಾಲ್ಲೂಕಿನಲ್ಲೇ ಸಿಗಬೇಕು, ಚಿಕಿತ್ಸೆಯ ಚೀಟಿ ಆಸ್ಪತ್ರೆಯಿಂದ ನೇರ ನ್ಯಾಯಾಲಯಕ್ಕೆ ತಲುಪಬೇಕು. ಹುನಗುಂದ, ಇಳಕಲ್ ಭಾಗದ ವಕೀಲರ ಸಂಘಗಳೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವೂ ಕೂತು ಮಾತಾಡಿದರೆ ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ.