ಘಾಟ್‌ನಲ್ಲಿ ನಿಂತುಹೋದ ಮನೆ

ಖಂಬಾಟಕಿ ಘಾಟ್ ಹತ್ತುತ್ತಿದ್ದೆವು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ವೇಗ ನಲವತ್ತರಿಂದ ಮೂವತ್ತಕ್ಕೆ, ಮೂವತ್ತರಿಂದ ಹದಿನೈದಕ್ಕೆ ಇಳಿಯಿತು. ಎಂಜಿನ್ ಎರಡು ಸಲ ಮುಗ್ಗರಿಸಿ ನಿಂತೇಹೋಯಿತು. ಹಿಂದೆ ಲಾರಿಗಳ ಹಾರ್ನ್, ಪಕ್ಕದಲ್ಲಿ ಗೋಡೆಯಂಥ ಗುಡ್ಡ. ಒಳಗೆ ಹಾಸಿಗೆಯ ಮೇಲೆ ಮಲಗಿದ್ದ ಅಪ್ಪ ಎದ್ದು ಕೂತು ಕೇಳಿದರು: ‘ಮತ್ತ ನಿಂತಿತೇನಪಾ?’

ಆ ‘ಮತ್ತ’ ಎಂಬ ಮಾತೇ ನನಗೆ ಚುಚ್ಚಿದ್ದು. ಏಕೆಂದರೆ ಅದು ಮೂರನೇ ಸಲ.

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಊರು ರಾಣೆಬೆನ್ನೂರು. ಎನ್‌ಎಚ್-48 ಹಿಡಿದರೆ ಒಂದೇ ರಸ್ತೆ, ಐನೂರಕ್ಕೂ ಹೆಚ್ಚು ಕಿಲೋಮೀಟರ್. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾದ ಮೇಲೆ ಅಪ್ಪನಿಗೆ ಬಸ್ಸು ಆಗುತ್ತಿರಲಿಲ್ಲ. ಪದೇ ಪದೇ ಶೌಚಾಲಯ ಬೇಕು, ಕೇಳಲು ಸಂಕೋಚ. ಎರಡು ವರ್ಷ ಅವರು ಪುಣೆಗೆ ಬರಲೇ ಇಲ್ಲ. ಹೀಗಾಗಿ ಹಾಸಿಗೆ, ಸಣ್ಣ ಅಡುಗೆಕಟ್ಟೆ, ಶೌಚಾಲಯ ಅಳವಡಿಸಿದ್ದ 2008ರ ಮಾದರಿಯ ಹಳೆಯ ಡೀಸೆಲ್ ವ್ಯಾನೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಮೊದಲ ಪ್ರಯಾಣದಲ್ಲಿ ಅಪ್ಪ ಮಗುವಿನ ಹಾಗೆ ಕಿಟಕಿ ಬಿಟ್ಟು ಕದಲಲಿಲ್ಲ. ಆಮೇಲೆ ಶುರುವಾಯಿತು ಈ ಕಾಟ.

ಲಕ್ಷಣಗಳು ಎರಡು. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಬಹಳ ಹೊತ್ತು ಸ್ಟಾರ್ಟರ್ ತಿರುಗಿಸಬೇಕು. ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿ ಓಡುವ ಗಾಡಿ ಏರು ಬಂದರೆ ಸೊರಗುತ್ತದೆ. ಮೊದಲ ಸಲ ಒಬ್ಬ ಮೆಕ್ಯಾನಿಕ್ ಡೀಸೆಲ್ ಫಿಲ್ಟರ್ ಬದಲಿಸಿದರು. ಎರಡು ದಿನ ಸರಿಹೋಯಿತು. ಎರಡನೇ ಸಲ ಇನ್ನೊಬ್ಬರು ಫೀಡ್ ಪಂಪ್ ಹೊಸದು ಹಾಕಿ, ಮತ್ತೆ ಫಿಲ್ಟರ್ ಬದಲಿಸಿದರು. ಮತ್ತೆ ಎರಡು ದಿನ. ಎರಡೂ ಸೇರಿ ಕೈಬಿಟ್ಟದ್ದು ಹದಿನೇಳು ಸಾವಿರ. ‘ಇನ್ನು ಇಂಜೆಕ್ಷನ್ ಪಂಪೇ ಬಿಚ್ಚಬೇಕು’ ಎಂಬುದು ಮುಂದಿನ ಸಲಹೆಯಾಗಿತ್ತು.

ಎಂ.ಟೆಕ್ ಮಾಡಿ ಹತ್ತು ವರ್ಷದಿಂದ ಪ್ರೋಗ್ರಾಂಗಳ ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ನಾನು, ಗಾಡಿಯ ವಿಷಯದಲ್ಲಿ ಮಾತ್ರ ಊಹೆಗೆ ಹಣ ಕಟ್ಟುತ್ತಿದ್ದೆ. ಆಫೀಸಿನಲ್ಲಿ ಹೊಸಬನೊಬ್ಬ ಕಾರಣ ತಿಳಿಯದೆ ಕೋಡ್ ಬದಲಿಸಿದರೆ ಗದರುವವನು ನಾನೇ!

ಅಂದು ಘಾಟ್‌ನಲ್ಲಿ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತಿದೆ. ಬುಸುಬುಸು ನೊರೆ ಬಂತು. ಐವತ್ತು–ಅರವತ್ತು ಸಲ ಒತ್ತಿದ ಮೇಲೆ ಶುದ್ಧ ಡೀಸೆಲ್ ಬಂತು, ಎಂಜಿನ್ ಹೊತ್ತಿಕೊಂಡಿತು. ನಿಧಾನವಾಗಿ ಘಾಟ್ ದಾಟಿದೆವು. ಅಪ್ಪ ಮೆಲ್ಲಗೆ ಹೇಳಿದರು: ‘ನನ್ನ ಸಲುವಾಗಿ ಇಷ್ಟೆಲ್ಲಾ ಬ್ಯಾಡಪ್ಪ. ನಾ ಇನ್ನ ಊರಾಗ ಇದ್ದುಬಿಡ್ತೀನಿ.’ ನಾನು ಉತ್ತರ ಕೊಡಲಿಲ್ಲ.

ಸಾತಾರಾ ಹೊರವಲಯದಲ್ಲಿ ತಗಡಿನ ಶೆಡ್ಡಿನ ಗ್ಯಾರೇಜೊಂದು ಸಿಕ್ಕಿತು. ಮುದುಕ ಮೆಕ್ಯಾನಿಕ್ ಪಾನಾ ಮುಟ್ಟಲಿಲ್ಲ. ಮೊದಲು ಕೇಳಿದ್ದು ಪ್ರಶ್ನೆಗಳು. ಯಾವಾಗ ನಿಲ್ಲುತ್ತದೆ? ಟ್ಯಾಂಕ್ ತುಂಬಿದಾಗಲೋ, ಖಾಲಿಯಾದಾಗಲೋ? ಎಲ್ಲಾದರೂ ಡೀಸೆಲ್ ಸೋರಿದ ಗುರುತಿದೆಯೇ? ‘ಸೋರಿಕೆ ಇಲ್ಲ’ ಎಂದೆ. ಆತ ನಕ್ಕು ಒಂದು ಗೇಣು ಪಾರದರ್ಶಕ ಪೈಪ್ ತಂದು, ಫೀಡ್ ಪಂಪಿಗೆ ಬರುವ ಕರಿ ರಬ್ಬರ್ ಪೈಪ್ ತೆಗೆದು ಅದನ್ನು ಜೋಡಿಸಿದ. ಎಂಜಿನ್ ರೇಸ್ ಮಾಡಿದಾಗ ಪೈಪಿನೊಳಗೆ ಜೋಳದ ಕಾಳಿನಷ್ಟು ಗುಳ್ಳೆಗಳ ಮೆರವಣಿಗೆ. ‘ಗಾಡಿ ಹವಾ ಘೇತೇಯ್’ ಎಂದ. ಗಾಡಿ ಗಾಳಿ ಎಳೆಯುತ್ತಿದೆ.

ಇಲ್ಲಿ ಸ್ವಲ್ಪ ನಿಂತು ಡೀಸೆಲ್ಲಿನ ದಾರಿ ನೋಡೋಣ. ನನ್ನ ಗಾಡಿಯಂಥ ಹಳೆಯ ಎಂಜಿನ್‌ಗಳಲ್ಲಿ ಟ್ಯಾಂಕಿನ ಒಳಗೆ ಜಾಲರಿ ಇರುವ ಹೀರುಕೊಳವೆ ಇರುತ್ತದೆ. ಅಲ್ಲಿಂದ ಪೈಪ್, ನೀರು ಬೇರ್ಪಡಿಸುವ ಬಟ್ಟಲು, ಫೀಡ್ ಪಂಪ್, ಸೂಕ್ಷ್ಮ ಫಿಲ್ಟರ್, ಇಂಜೆಕ್ಷನ್ ಪಂಪ್, ಕೊನೆಗೆ ಇಂಜೆಕ್ಟರ್. ಫೀಡ್ ಪಂಪಿನ ಮುಂದೆ ಒತ್ತಡ, ಹಿಂದೆ ಸೆಳೆತ. ಮುಂದಿನ ಪೈಪ್ ಬಿರುಕು ಬಿಟ್ಟರೆ ಎಣ್ಣೆ ಹೊರಗೆ ಸೋರಿ ಕಣ್ಣಿಗೆ ಬೀಳುತ್ತದೆ. ಹಿಂದಿನ ಪೈಪ್ ಬಿರುಕು ಬಿಟ್ಟರೆ ಎಣ್ಣೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹನಿ ಬೀಳದ ಸೋರಿಕೆ ಅದು. ಗಾಡಿ ನಿಂತ ರಾತ್ರಿ ಅದೇ ಬಿರುಕಿನಿಂದ ಗಾಳಿ ಸೇರಿ, ಪೈಪಿನ ಡೀಸೆಲ್ ಟ್ಯಾಂಕಿಗೆ ಮರಳಿ ಇಳಿಯುತ್ತದೆ. ಬೆಳಗಿನ ಪರದಾಟ ಅದರಿಂದಲೇ.

ಫಿಲ್ಟರ್ ಬದಲಿಸಿದಾಗ ಎರಡು ದಿನ ಸರಿಹೋಗುತ್ತಿದ್ದುದೇಕೆ ಎಂಬುದೂ ಆಗ ಹೊಳೆಯಿತು. ಫಿಲ್ಟರ್ ಹಾಕಿದ ಮೇಲೆ ಹೇಗೂ ಗಾಳಿ ತೆಗೆಯಲೇಬೇಕು. ಗುಣ ಕೊಟ್ಟಿದ್ದು ಆ ಗಾಳಿ ತೆಗೆದದ್ದು, ಹೆಸರು ಬಂದದ್ದು ಫಿಲ್ಟರಿಗೆ.

ಬಿರುಕು ಎಲ್ಲಿದೆ? ಆತ ಐದು ಲೀಟರ್ ಕ್ಯಾನಿನಲ್ಲಿ ಹೊಸ ಡೀಸೆಲ್ ತುಂಬಿ, ಟ್ಯಾಂಕಿನ ಬದಲು ಅದರಿಂದ ಪೈಪ್ ಕೊಟ್ಟ. ಕ್ಯಾನನ್ನು ಮೇಲೆ ಇಡದೆ ಟ್ಯಾಂಕಿನ ಮಟ್ಟದಲ್ಲೇ ನೆಲದ ಮೇಲೆ ಇಟ್ಟದ್ದನ್ನು ಗಮನಿಸಿ. ಎತ್ತರದಲ್ಲಿಟ್ಟರೆ ಡೀಸೆಲ್ ತಾನಾಗಿ ಇಳಿದು ಸೆಳೆತವೇ ಇಲ್ಲವಾಗುತ್ತದೆ, ದೋಷ ಅಡಗಿಕೊಳ್ಳುತ್ತದೆ. ಕ್ಯಾನಿನಿಂದ ಓಡಿಸಿದಾಗ ಒಂದೂ ಗುಳ್ಳೆಯಿಲ್ಲ. ಅಂದರೆ ಪಂಪ್, ಎಂಜಿನ್ ನಿರ್ದೋಷಿ. ದೋಷ ಟ್ಯಾಂಕಿನ ಕಡೆ. ಪಾರದರ್ಶಕ ಪೈಪನ್ನು ದಾರಿಯ ನಡುವಿಗೆ, ಮತ್ತೆ ಉಳಿದರ್ಧದ ನಡುವಿಗೆ ಸರಿಸುತ್ತ ಹೋದ. ನಾವು ಬೈನರಿ ಸರ್ಚ್ ಎಂದು ಕಾಲೇಜಿನಲ್ಲಿ ಕಲಿತದ್ದನ್ನು ಆತ ನೆಲಕ್ಕೆ ಬೆನ್ನು ಕೊಟ್ಟು ಮಾಡುತ್ತಿದ್ದ.

ಸಿಕ್ಕಿದ್ದು ಹಾಸಿಗೆಯ ಕೆಳಗಿನ ಪ್ಲೈವುಡ್ ಪೆಟ್ಟಿಗೆಯ ಅಡಿಯಲ್ಲಿ. ಹಿಂದಿನ ಮಾಲೀಕರು ಚಳಿಪ್ರದೇಶದ ಪ್ರವಾಸಕ್ಕೆಂದು ಡೀಸೆಲ್ ಹೀಟರ್ ಹಾಕಿಸಿ, ಮುಖ್ಯ ಪೈಪಿನಿಂದಲೇ ಟೀ ಜಾಯಿಂಟ್ ಕೊಟ್ಟಿದ್ದರು. ಮಾರುವ ಮೊದಲು ಹೀಟರ್ ತೆಗೆದು, ಆ ಬಾಯಿಗೆ ರಬ್ಬರ್ ಬಿರಡೆ ತುರುಕಿ ಕ್ಲಿಪ್ ಹಾಕಿದ್ದರು. ರಬ್ಬರ್ ಒಣಗಿ ಸೀಳಿತ್ತು.

ಆದರೆ ಏರಿನಲ್ಲೇ ಏಕೆ? ಟ್ಯಾಂಕ್ ಇಳಿಸಿದಾಗ ಅದಕ್ಕೂ ಉತ್ತರ ಸಿಕ್ಕಿತು. ಹೀರುಕೊಳವೆಯ ಜಾಲರಿಗೆ ಕಪ್ಪು ಲೋಳೆ ಮೆತ್ತಿತ್ತು. ಇಂಥ ಗಾಡಿಗಳು ತಿಂಗಳುಗಟ್ಟಲೆ ನಿಂತಿರುತ್ತವೆ. ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿನ ತೇವ ಹನಿಗಟ್ಟಿ, ಡೀಸೆಲ್ಲಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ನೀರು–ಡೀಸೆಲ್ ಕೂಡುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತವೆ. ಏರಿನಲ್ಲಿ ಎಂಜಿನ್ ಹೆಚ್ಚು ಡೀಸೆಲ್ ಬೇಡುತ್ತದೆ. ಜಾಲರಿ ಕಟ್ಟಿದ್ದರಿಂದ ಸೆಳೆತ ಹೆಚ್ಚುತ್ತದೆ. ಸೀಳಿದ ಬಿರಡೆ ಆಗ ಇನ್ನಷ್ಟು ಗಾಳಿ ಬಿಡುತ್ತದೆ. ಎರಡು ಸಣ್ಣ ದೋಷಗಳು ಕೈಕೈ ಹಿಡಿದು ಘಾಟ್‌ನಲ್ಲಿ ನಮ್ಮನ್ನು ನಿಲ್ಲಿಸಿದ್ದವು. ಟೀ ಜಾಯಿಂಟ್ ಕಿತ್ತು ಹೊಸ ಪೈಪ್, ಹೊಸ ಕ್ಲಿಪ್, ಟ್ಯಾಂಕ್ ತೊಳೆತ ಎಲ್ಲ ಸೇರಿ ಆತ ತೆಗೆದುಕೊಂಡದ್ದು ಮೂರು ಸಾವಿರದ ಎಂಟುನೂರು.

ಹಳೆಯ ಮೋಟಾರ್‌ಹೋಮ್ ಕೊಳ್ಳುವ ಆಸೆ ನಿಮಗೂ ಇದ್ದರೆ ಅಲ್ಮೇರಾ, ಪರದೆ ನೋಡುವ ಮೊದಲು ಅಡಿಯಲ್ಲಿ ಟಾರ್ಚ್ ಬಿಟ್ಟು ಡೀಸೆಲ್ ಪೈಪನ್ನು ಟ್ಯಾಂಕಿನಿಂದ ಎಂಜಿನ್‌ವರೆಗೆ ಹಿಂಬಾಲಿಸಿ. ಹೀಟರ್, ಜನರೇಟರ್‌ಗೆಂದು ಎಲ್ಲಾದರೂ ಕವಲು ಇದೆಯೇ, ಈಗಲೂ ಬಳಕೆಯಲ್ಲಿದೆಯೇ ಕೇಳಿ. ರಾತ್ರಿಯಿಡೀ ನಿಂತ ಗಾಡಿಯನ್ನು ನೀವೇ ಬೆಳಿಗ್ಗೆ ಸ್ಟಾರ್ಟ್ ಮಾಡಿ. ಏರಿನಲ್ಲಿ ಓಡಿಸಿ. ಆರ್‌ಸಿಯಲ್ಲಿ ಮಾರ್ಪಾಡು ನಮೂದಾಗಿದೆಯೇ ನೋಡಲು ಮರೆಯಬೇಡಿ.

ತೊಂದರೆ ಬಂದಾಗ ಅಗ್ಗದ ಪರೀಕ್ಷೆಯಿಂದ ಶುರು ಮಾಡಿ. ಓಡಿದ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದಾಗ ಒಳಗೆ ಗಾಳಿ ಸೆಳೆದ ಸದ್ದು ಬಂದು, ಆಮೇಲೆ ಎಂಜಿನ್ ಸರಿಹೋದರೆ ಗಾಳಿಕಿಂಡಿ ಕಟ್ಟಿದೆ. ನೀರಿನ ಬಟ್ಟಲಿನ ತಿರುಪು ಬಿಚ್ಚಿ ಗಾಜಿನ ಬಾಟಲಿಯಲ್ಲಿ ಹಿಡಿದರೆ ನೀರು ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಆಮೇಲೆ ಪಾರದರ್ಶಕ ಪೈಪ್, ಆಮೇಲೆ ಕ್ಯಾನ್. ಇವೆಲ್ಲ ಮುಗಿದ ಮೇಲಷ್ಟೇ ಪಂಪಿನ ಮಾತು. ಗಾಡಿ ನಿಲ್ಲಿಸಿಡುವಾಗ ಟ್ಯಾಂಕ್ ತುಂಬಿಸಿಡಿ.

ಒಂದು ಎಚ್ಚರಿಕೆ. ಈ ಪ್ರಯೋಗಗಳು ಹಳೆಯ ಡೀಸೆಲ್ ಎಂಜಿನ್ನಿನ ಕಡಿಮೆ ಒತ್ತಡದ ಭಾಗಕ್ಕೆ ಮಾತ್ರ. ಕಾಮನ್ ರೈಲ್ ಎಂಜಿನ್‌ಗಳಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ; ಅಲ್ಲಿ ತಿರುಪು ಸಡಿಲಿಸುವುದು, ಸೋರಿಕೆ ಹುಡುಕಲು ಕೈ ಇಡುವುದು ಪ್ರಾಣಾಪಾಯ. ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಇದನ್ನು ಮಾಡಲೇಬೇಡಿ. ಒಳಗಿನ ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ಅಗ್ನಿಶಾಮಕ ಪಕ್ಕದಲ್ಲಿಟ್ಟುಕೊಂಡೇ ಕೆಲಸಕ್ಕೆ ಇಳಿಯಿರಿ.

ಅಂದು ರಾತ್ರಿ ಗ್ಯಾರೇಜಿನ ಮುಂದೆಯೇ ಮಲಗಿದೆವು. ಬೆಳಿಗ್ಗೆ ಅಪ್ಪನೇ ಕೀಲಿ ತಿರುಗಿಸಿದರು. ಅರ್ಧ ಸೆಕೆಂಡಿಗೆ ಎಂಜಿನ್ ಹಿಡಿಯಿತು. ಆ ಪಾರದರ್ಶಕ ಪೈಪನ್ನು ತೆಗೆಯಬೇಡ ಎಂದು ಅವರೇ ಮೆಕ್ಯಾನಿಕ್‌ಗೆ ಕೈಸನ್ನೆ ಮಾಡಿದರು. ಬಿಸಿಗೆ ಅದು ಬಾಳುವುದಿಲ್ಲ ಎಂದು ಆತ ಹೊಸ ರಬ್ಬರ್ ಪೈಪ್ ಹಾಕಿ, ಆ ಗೇಣುದ್ದದ ತುಂಡನ್ನು ಒರೆಸಿ ಅಪ್ಪನ ಕೈಗಿತ್ತ.

ಈಗ ಅದು ರಾಣೆಬೆನ್ನೂರಿನ ಮನೆಯಲ್ಲಿ, ಅವರ ಔಷಧಿ ಡಬ್ಬಿಯ ಪಕ್ಕದಲ್ಲಿದೆ. ಪುಣೆಗೆ ಹೊರಡುವ ಹಿಂದಿನ ದಿನ ಅಮ್ಮ ಉಪ್ಪಿನಕಾಯಿ ಕಟ್ಟಿದರೆ, ಅಪ್ಪ ಮೊದಲು ಅದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ.