ಮನೆಯ ಬಿಸಿಲು, ನೆರೆಯ ನೆರಳು

ಮನೆ ಕಟ್ಟುವವರು ನಿವೇಶನದ ಅಳತೆಯನ್ನೂ ಬಾಗಿಲಿನ ದಿಕ್ಕನ್ನೂ ವಿಚಾರಿಸುವಷ್ಟು ಆಸ್ಥೆಯಿಂದ ಸುತ್ತಲಿನ ಗೋಡೆ, ಮರ, ಕಟ್ಟಡಗಳ ನೆರಳನ್ನು ವಿಚಾರಿಸುವುದು ವಿರಳ. ಆದರೆ ಮನೆಗೆ ದೊರೆಯುವ ಬಿಸಿಲನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ನೆರಳೇ.

ಯಂತ್ರದ ನೆರವಿಲ್ಲದೆ ಮನೆಯು ಸೂರ್ಯನ ಶಾಖವನ್ನು ಪಡೆಯುವ ಕ್ರಮ ಸರಳವಾದುದು. ಕಿಟಕಿಯಿಂದ ಒಳಬಂದ ಬಿಸಿಲು ನೆಲ, ಗೋಡೆಗಳ ಮೇಲೆ ಬಿದ್ದು ಶಾಖವಾಗುತ್ತದೆ. ಮಣ್ಣು, ಕಲ್ಲು, ಇಟ್ಟಿಗೆಗಳು ಅದನ್ನು ಹೀರಿಕೊಂಡು ಸಂಜೆಯ ಅನಂತರ ನಿಧಾನವಾಗಿ ಹೊರಬಿಡುತ್ತವೆ. ಎದುರಿಗೆ ತಡೆಯಿದ್ದರೆ ಆಕಾಶದ ಚೆದುರಿದ ಬೆಳಕು ಮಾತ್ರ ಒಳಬರುವುದೇ ಹೊರತು ನೇರ ಬಿಸಿಲಿನ ಶಾಖ ದೊರೆಯದು.

ಶಿವಮೊಗ್ಗ, ಭದ್ರಾವತಿಗಳು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಡಿಸೆಂಬರ್ 22ರ ಸುಮಾರಿಗೆ ನಡುಹಗಲಿನ ಸೂರ್ಯನು ಇಲ್ಲಿ ದಕ್ಷಿಣಕ್ಕೆ ವಾಲಿ 52½ ಡಿಗ್ರಿಯಷ್ಟು ಎತ್ತರದಲ್ಲಿರುತ್ತಾನೆ. ಆಗ 10 ಮೀಟರ್ ಎತ್ತರದ ಕಟ್ಟಡದ ನೆರಳು ಉತ್ತರಕ್ಕೆ 7½ ಮೀಟರಿನಷ್ಟು ಚಾಚುತ್ತದೆ. ದೆಹಲಿಯಲ್ಲಿ ಅದೇ ನೆರಳು 12½ ಮೀಟರನ್ನು ಮೀರುತ್ತದೆ. ಈ ದೃಷ್ಟಿಯಿಂದ ನಮ್ಮ ನಾಡು ಭಾಗ್ಯಶಾಲಿಯೇ ಸರಿ. ಆದರೆ ಎರಡು ಮನೆಗಳ ನಡುವೆ 2 ಮೀಟರ್ ಮಾತ್ರ ತೆರವಿದ್ದರೆ ಉತ್ತರದ ಮನೆಯ ಗೋಡೆಯು 7 ಮೀಟರಿಗೂ ಮೇಲ್ಪಟ್ಟು ನೆರಳಿನಲ್ಲಿ ಮುಳುಗುತ್ತದೆ. ಕೆಳಗಿನ ಎರಡು ಅಂತಸ್ತುಗಳಿಗೆ ಬಿಸಿಲಿಲ್ಲ. ಸೂರ್ಯೋದಯವಾಗಿ ಎರಡು ಗಂಟೆಗಳಾದಾಗ ನೆರಳು ಕಟ್ಟಡದ ಎತ್ತರದ ಎರಡು ಪಟ್ಟಿನಷ್ಟಾಗಿ ವಾಯವ್ಯದ ಕಡೆಗೆ ಚಾಚಿರುತ್ತದೆ. ಚಳಿಗಾಲದ ಬೆಳಗಿನ ಬಿಸಿಲನ್ನು ಬಯಸುವವರಿಗೆ ಆಗ್ನೇಯ ಮತ್ತು ದಕ್ಷಿಣಗಳು ತೆರೆದಿರಬೇಕೆನ್ನುವುದು ಇದರಿಂದಲೇ. ಮಳೆಗಾಲದ ತೇವವನ್ನು ಉಳಿಸಿಕೊಂಡ ಗೋಡೆಗಳಿಗೂ, ವೃದ್ಧರಿಗೂ, ಶಿಶುಗಳಿಗೂ ಈ ಬಿಸಿಲು ಅತ್ಯವಶ್ಯಕ.

ಬೇಸಗೆಯ ಮಾತು ಬೇರೆ. ಏಪ್ರಿಲ್ ಕೊನೆಯಲ್ಲಿ ನಡುಹಗಲಿನ ಸೂರ್ಯನು ನೆತ್ತಿಯ ಮೇಲಿರುವುದರಿಂದ ದಕ್ಷಿಣದ ತಡೆಯಿಂದ ಪ್ರಯೋಜನವಿಲ್ಲ. ಪೀಡಿಸುವುದು ಪಶ್ಚಿಮದ ಇಳಿಬಿಸಿಲು. ಆ ದಿಕ್ಕಿನ ಮರವಾಗಲಿ ಕಟ್ಟಡವಾಗಲಿ ಮನೆಗೆ ಉಪಕಾರಿ. ಚಳಿದೇಶಗಳ ಗ್ರಂಥಗಳು ಎಲೆ ಉದುರುವ ಮರವನ್ನು ನೆಡಲು ಹೇಳುತ್ತವೆ. ಅಲ್ಲಿನ ಮರ ಚಳಿಯಲ್ಲಿ ಬರಿದಾಗಿ ಬಿಸಿಲನ್ನು ಬಿಟ್ಟುಕೊಡುತ್ತದೆ. ನಮ್ಮ ಕಾಡಿನ ತೇಗವಾದರೋ ಮಾರ್ಚ್–ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿಯೇ ಬೋಳಾಗಿ ನಿಲ್ಲುತ್ತದೆ. ಆದುದರಿಂದ ಪಶ್ಚಿಮಕ್ಕೆ ಮಾವು, ಹಲಸುಗಳಂತಹ ನಿತ್ಯಹಸುರಿನ ಮರಗಳೇ ಯೋಗ್ಯ.

1923ರಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದ ಬಳಿಕ ಬೆಳೆದ ಭದ್ರಾವತಿಯಲ್ಲಿಯೂ ಶಿವಮೊಗ್ಗದ ಹಳೆಯ ಬೀದಿಗಳಲ್ಲಿಯೂ ಒಂದಂತಸ್ತಿನ ಹಂಚಿನ ಮನೆಗಳನ್ನು ಕಾಣಬಹುದು. 4 ಮೀಟರ್ ಎತ್ತರದ ಅಂತಹ ಮನೆಯ ನೆರಳು ಚಳಿಗಾಲದ ನಡುಹಗಲಿನಲ್ಲಿ 3 ಮೀಟರಿಗೆ ಮುಗಿಯುತ್ತದೆ. ಅದರ ಮೇಲೆ ಅಂತಸ್ತುಗಳು ಏರಿದಂತೆ ನೆರೆಮನೆಯ ಅಂಗಳವು ಕತ್ತಲಾಗುತ್ತ ಹೋಗುತ್ತದೆ.

ಇದನ್ನು ಅಳೆಯಲು ದುಬಾರಿ ಉಪಕರಣ ಬೇಡ. ಡಿಸೆಂಬರ್ ಕೊನೆಯ ವಾರದಲ್ಲಿ ಮಧ್ಯಾಹ್ನ 12 ಗಂಟೆ 30 ನಿಮಿಷದ ಹೊತ್ತಿಗೆ ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ಸುಮಾರು 76 ಸೆಂಟಿಮೀಟರ್ ನೆರಳು ಬೀಳುತ್ತದೆ. ಈ ಪ್ರಮಾಣವನ್ನರಿತ ವಿದ್ಯಾರ್ಥಿಯು ಕಟ್ಟಲಿರುವ ಮನೆಯ ನೆರಳು ಯಾರ ಅಂಗಳವನ್ನು ಮುಟ್ಟುವುದೆಂದು ಮುಂಚಿತವಾಗಿಯೇ ಹೇಳಬಲ್ಲನು. ಅನ್ನವನ್ನು ಹಂಚಿ ಉಣ್ಣುವ ದಾಸೋಹದ ಪರಂಪರೆಯುಳ್ಳವರಿಗೆ ನೆರೆಯವರ ಪಾಲಿನ ಬಿಸಿಲನ್ನು ಉಳಿಸುವುದೂ ಧರ್ಮವೇ ಆಗಿದೆ.