ಹೆಸರು ಉಳಿಸಿಕೊಂಡ ಪ್ರೋಗ್ರಾಮು

ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಹೊರ್ತಿ ಊರಿನ ಹೆಸರನ್ನು ಯೂನಿಕೋಡ್‌ನಲ್ಲಿ ಟೈಪಿಸಿದರೆ ಆರು ಸಂಕೇತ: ಹ, ಒತ್ವ, ರ, ಹಲಂತ, ತ, ಗುಡಿಸು. ಕಡತದಲ್ಲಿ ರ ಮೊದಲು, ತ ಆಮೇಲೆ. ಪರದೆಯಲ್ಲಿ ಮಾತ್ರ ಅರ್ಕಾವತ್ತು 'ತಿ'ಯ ಬಲಕ್ಕೆ ಬಂದು ಕೂರಬೇಕು. ಹಳೆಯ ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಈ ಕೆಲಸ ಪ್ಯಾಂಗೋ ಲೈಬ್ರರಿಯ 'ಪ್ಯಾಂಗೋ-ಇಂಡಿಕ್-ಎಫ್‌ಸಿ' ಮಾಡ್ಯೂಲಿನದು. ಪ್ಯಾಂಗೋ ಅದನ್ನು ಬೇಕೆಂದಾಗ ಲೋಡ್ ಮಾಡಿ, ಅದರೊಳಗೆ 'ಸ್ಕ್ರಿಪ್ಟ್_ಎಂಜಿನ್_ಕ್ರಿಯೇಟ್' ಎಂಬ ಫಂಕ್ಷನ್ನನ್ನು ಹೆಸರು ಹಿಡಿದು ಹುಡುಕುತ್ತಿತ್ತು. ಈಗ ಆ ಹೊಣೆ ಹಾರ್ಫ್‌ಬಝ್ ಲೈಬ್ರರಿಯದು.

ಹೀಗೆ ಹೆಸರು ಹಿಡಿದು ಹುಡುಕುವ ಪದ್ಧತಿ ಆರಂಭದ ಯುನಿಕ್ಸ್‌ನಲ್ಲಿ ಇರಲಿಲ್ಲ. ಪ್ರೊಸೆಸರಿಗೆ ಬೇಕಾದದ್ದು ವಿಳಾಸ. ಹೆಸರುಗಳನ್ನು ವಿಳಾಸಗಳಾಗಿಸಿ ಕೊಟ್ಟರೆ ಲಿಂಕರ್‌ನ ಕೆಲಸ ಮುಗಿಯಿತು. 1988ರ ಸನ್ಓಎಸ್ 4.0 ಹಂಚಿಕೆಯ ಲೈಬ್ರರಿಗಳನ್ನು ತಂದಾಗ ಓಡುವ ಹೊತ್ತಿಗೂ ಹೆಸರುಗಳು ಬೇಕಾದವು. ಮುಂದೆ ಯುನಿಕ್ಸ್ ಸಿಸ್ಟಮ್ ಫೈವ್‌ನ ನಾಲ್ಕನೇ ಬಿಡುಗಡೆಯೊಂದಿಗೆ ಬಂದ ಇಎಲ್‌ಎಫ್ ಕಡತದಲ್ಲಿ ಎರಡು ಪಟ್ಟಿ: ದೋಷ ಹುಡುಕಲು ಒಂದು, ಓಡುವಾಗ ಹುಡುಕಲು 'ಡೈನ್‌ಸಿಮ್'. ಮೊದಲನೆಯದನ್ನು ಅಳಿಸಿದರೂ ಪ್ರೋಗ್ರಾಮು ಓಡುತ್ತದೆ.

ಲೈಬ್ರರಿಯ ಹೆಸರುಗಳು ಸಹಜವಾಗಿ ಡೈನ್‌ಸಿಮ್ ಸೇರಿದವು. ಮುಖ್ಯ ಪ್ರೋಗ್ರಾಮು ಕರೆಯುವುದೇ ಹೊರತು ಅದನ್ನು ಯಾರೂ ಕರೆಯುವುದಿಲ್ಲ ಎಂಬ ಲೆಕ್ಕದಲ್ಲಿ, ಲೈಬ್ರರಿಗಳು ಕೇಳದ ಅದರ ಹೆಸರುಗಳನ್ನು ಲಿಂಕರ್ ಹೊರಗಿಟ್ಟಿತು.

ಲೆಕ್ಕ ತಪ್ಪಿದ್ದು ಕಿಟಕಿ, ಗುಂಡಿಗಳನ್ನು ವಿನ್ಯಾಸ ಮಾಡುವ ಗ್ಲೇಡ್‌ನಂಥ ಸಾಧನಗಳು ಬಂದಾಗ. ಕಿಟಕಿಯ ವಿನ್ಯಾಸ ಬೇರೆ ಕಡತದಲ್ಲಿ. ಗುಂಡಿ ಒತ್ತಿದರೆ ಓಡಬೇಕಾದ ಫಂಕ್ಷನ್ನಿನ ಹೆಸರೂ ಅಲ್ಲೇ. 2007ರಲ್ಲಿ ಜಿಟಿಕೆ ಲೈಬ್ರರಿಯ 2.12 ಆವೃತ್ತಿಯ ಜತೆ ಬಂದ ಜಿಟಿಕೆಬಿಲ್ಡರ್ ಆ ಹೆಸರನ್ನು ಮುಖ್ಯ ಪ್ರೋಗ್ರಾಮಿನಲ್ಲೇ ಹುಡುಕುತ್ತದೆ. ಫಂಕ್ಷನ್ ಒಳಗೇ ಇದೆ, ಆದರೆ ಊರಲ್ಲೇ ಇದ್ದು ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರ ಪಾಡು ಅದರದು. ಗುಂಡಿ ಒತ್ತಿದರೆ ಏನೂ ಆಗದು; ಸಿಗ್ನಲ್ ಹ್ಯಾಂಡ್ಲರ್ ಸಿಗಲಿಲ್ಲ ಎಂಬ ಎಚ್ಚರಿಕೆಯೊಂದು ಟರ್ಮಿನಲ್ಲಿನಲ್ಲಿ ಬಿದ್ದಿರುತ್ತದೆ, ಅಷ್ಟೆ.

ಲಿನಕ್ಸ್‌ನಲ್ಲಿ ಇದಕ್ಕೆ ಮದ್ದು, ಜಿಸಿಸಿ ಕಂಪೈಲರಿಗೆ ಲಿಂಕ್ ಮಾಡುವಾಗ ಕೊಡುವ 'ಆರ್‌ಡೈನಮಿಕ್' ಆಯ್ಕೆ. ಪ್ರೋಗ್ರಾಮಿನ ಜಾಗತಿಕ ಹೆಸರುಗಳೆಲ್ಲ ಡೈನ್‌ಸಿಮ್ ಸೇರುತ್ತವೆ. 'ಸ್ಟ್ಯಾಟಿಕ್' ಎಂದು ಬರೆದ ಫಂಕ್ಷನ್ ಮಾತ್ರ ಆಗಲೂ ಸಿಗದು. ವಿಂಡೋಸ್‌ನಲ್ಲಿ ರಫ್ತು ಮಾಡಬೇಕಾದ ಫಂಕ್ಷನ್‌ಗಳನ್ನು ಒಂದೊಂದಾಗಿ ಗುರುತಿಸುವುದು ರೂಢಿ.

ಎಲ್ಲ ಹೆಸರುಗಳನ್ನೂ ಹೊರಗೆ ಕಾಣಿಸುವುದಕ್ಕೂ ಬೆಲೆಯಿದೆ. ಪ್ಲಗಿನ್ನಿನಲ್ಲೂ ಮುಖ್ಯ ಪ್ರೋಗ್ರಾಮಿನಲ್ಲೂ ಒಂದೇ ಹೆಸರಿನ ಫಂಕ್ಷನ್ ಇದ್ದರೆ, ಸಾಮಾನ್ಯವಾಗಿ ಮುಖ್ಯ ಪ್ರೋಗ್ರಾಮಿನದೇ ಮೊದಲು ಸಿಗುತ್ತದೆ. ಪ್ಲಗಿನ್ ತನ್ನದೆಂದು ಕರೆದದ್ದು ಬೇರೆಯವರ ಕೋಡ್ ಆಗಿರುತ್ತದೆ. ಅದಕ್ಕೇ 2005ರ ಜಿಸಿಸಿ 4.0 ಹೆಸರುಗಳನ್ನು ಮರೆಮಾಡುವ ಆಯ್ಕೆ ತಂದಿತು. ಬೇಕಾದಷ್ಟೇ ಹೆಸರುಗಳ ಪಟ್ಟಿಯನ್ನು ಲಿಂಕರ್‌ಗೂ ಕೊಡಬಹುದು. ಯಾವ ಹೆಸರು ಹೊರಗೆ ಕಾಣಬೇಕೆಂಬ ತೀರ್ಮಾನ ಈಗ ಪ್ರೋಗ್ರಾಮು ಬರೆದವರದೇ.